ಗೊರ್ರೊಪು ಕಣಿವೆಯ ಹದಿನೈದು ಗಿಡಗಳು

ಬೆಂಗಳೂರಿನವರಿಗೆ ಥರ್ಟಿ-ಫಾರ್ಟಿ ಸೈಟ್ ಅಂದರೆ ಬಿಡಿಸಿ ಹೇಳಬೇಕಿಲ್ಲ. 1200 ಚದರ ಅಡಿ. ಅದರಲ್ಲಿ ಅರ್ಧಕ್ಕಿಂತ ಕಡಿಮೆ ಜಾಗ ತೆಗೆದುಕೊಳ್ಳಿ. ಅದನ್ನು ಎತ್ತಿ ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿ. ಗೋಡೆ ಸುಣ್ಣಕಲ್ಲಿನದು. ಅದರ ಸೀಳುಗಳಲ್ಲಿ ಅಲ್ಲೊಂದು ಇಲ್ಲೊಂದು ಗಿಡ. ಎಣಿಸಿದರೆ ಹತ್ತರಿಂದ ಹದಿನೈದು. ಅಷ್ಟೇ. ಆ ಜಾತಿಯ ಗಿಡ ಬೆಳೆಯುವ ಇನ್ನೊಂದು ಕಾಡು ಜಾಗ ದಾಖಲೆಯಲ್ಲಿಲ್ಲ.

ಗಿಡದ ಹೆಸರು ಅಕ್ವಿಲೇಜಿಯಾ ನುರಾಜಿಕಾ. ಕೊಲಂಬೈನ್ ಎಂಬ ಹೂಗಳ ಬಳಗಕ್ಕೆ ಸೇರಿದ್ದು. ಇರುವುದು ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ, ಗೊರ್ರೊಪು ಎಂಬ ಆಳ ಕಣಿವೆಯೊಳಗೆ. ಮೇಲೆ ಹೇಳಿದ ಲೆಕ್ಕ, ಅಂದರೆ 50 ಚದರ ಮೀಟರ್ ಜಾಗ ಮತ್ತು 10ರಿಂದ 15 ಗಿಡ, 2005ರದ್ದು. ಮೆಡಿಟರೇನಿಯನ್ ದ್ವೀಪಗಳಲ್ಲಿ ತೀರಾ ಕಷ್ಟದಲ್ಲಿರುವ 50 ಗಿಡಗಳನ್ನು ಐಯುಸಿಎನ್, ಅಂದರೆ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ, ಆ ವರ್ಷ ಪಟ್ಟಿ ಮಾಡಿತ್ತು. ಅದರಲ್ಲಿ ಈ ಗಿಡಕ್ಕೂ ಜಾಗ ಸಿಕ್ಕಿತು. ಇಂಥ ಪಟ್ಟಿಗೆ ಸೇರುವುದು ಖುಷಿಪಡುವ ವಿಷಯ ಅಲ್ಲ, ಬಿಡಿ.

ಅಳಿವಿನ ಅಂಚಿಗೆ ಬಂದ ಗಿಡಗಳ ಕಥೆಯಲ್ಲಿ ಸಾಮಾನ್ಯವಾಗಿ ಒಬ್ಬ ಖಳನಾಯಕ ಇರುತ್ತಾನೆ. ಗಣಿಯೋ, ಅಣೆಕಟ್ಟೋ, ರಸ್ತೆಯೋ. ಈ ಪ್ರಕರಣದಲ್ಲಿ ಹಾಗೆ ಬೆರಳು ತೋರಿಸಲು ಯಾರೂ ಸಿಗುವುದಿಲ್ಲ. ಗಿಡ ಕಡಿದವರಿಲ್ಲ, ಬಂಡೆ ಒಡೆದವರಿಲ್ಲ. ಇಲ್ಲಿನ ತೊಡಕು ಬೇರೆ. ಇಷ್ಟು ಕಡಿಮೆ ಇರುವಾಗ ಉಳಿಸಲು ಹೋಗುವವರ ಕೈ ತಾಗಿದರೂ ಗಿಡಕ್ಕೆ ಅಪಾಯ. ಸುಮ್ನೆ ಬಿಟ್ಟರೂ ಅಪಾಯ.

ಕಣಿವೆ

ಸಾರ್ಡಿನಿಯಾದ ಜನಸಂಖ್ಯೆ ಸುಮಾರು 16 ಲಕ್ಷ. ಕುರಿಗಳು 30 ಲಕ್ಷದ ಆಸುಪಾಸು. ಕರಾವಳಿಯಲ್ಲಿ ಬೀಚು, ಹೋಟೆಲು, ದುಡ್ಡಿರುವವರ ದೋಣಿಗಳು. ಒಳನಾಡಿಗೆ ಹೋದರೆ ಬೇರೆಯದೇ ಲೋಕ. ಮಧ್ಯದ ಗುಡ್ಡಗಾಡಿಗೆ ಬಾರ್ಬಾಜಿಯಾ ಎಂದು ಹೆಸರು. ರೋಮನ್ನರು ಈ ಕಡೆಯವರನ್ನು ಪೂರ್ತಿ ಹದ್ದುಬಸ್ತಿಗೆ ತರಲಾಗದೆ 'ಬಾರ್ಬರಿಯಾ' ಎಂದರು. ಬಾರ್ಬಾಜಿಯಾ ಎಂಬ ಹೆಸರು ಅಲ್ಲಿಂದ ಬಂತು.

ಈ ಒಳನಾಡಿನ ಪೂರ್ವ ಅಂಚಿನಲ್ಲಿ ಸುಪ್ರಮೊಂತೆ ಎಂಬ ಸುಣ್ಣಕಲ್ಲಿನ ಎತ್ತರದ ನೆಲ ಇದೆ. ಮಳೆ ಬಿದ್ದರೆ ನೀರು ಮೇಲೆ ನಿಲ್ಲುವುದಿಲ್ಲ, ಕಲ್ಲಿನ ಬಿರುಕುಗಳೊಳಗೆ ಇಳಿದುಹೋಗುತ್ತದೆ. ಫ್ಲೂಮಿನೆದ್ದು ಎಂಬ ಹೊಳೆ ಈ ಕಲ್ಲನ್ನು ಕೊರೆದು ಕೊರೆದು ಗೊರ್ರೊಪು ಕಣಿವೆ ಮಾಡಿದೆ. ಎರಡೂ ಕಡೆ ಬಂಡೆಯ ಗೋಡೆ. ಕೆಲವು ಕಡೆ 400 ಮೀಟರಿಗೂ ಹೆಚ್ಚು ಎತ್ತರ. ಜೋಗದ ಬಂಡೆಯ ಎತ್ತರ ಸುಮಾರು 253 ಮೀಟರ್, ಹೋಲಿಸಿಕೊಳ್ಳಿ. ತಳದಲ್ಲಿ ಮನೆಯಷ್ಟು ದೊಡ್ಡ ಬಿಳಿ ಬಂಡೆಗಳು ಉರುಳಿ ಬಿದ್ದಿವೆ. ಬೇಸಿಗೆಯಲ್ಲಿ ಹೊಳೆ ಬಹುಪಾಲು ನೆಲದಡಿಯಲ್ಲೇ ಹರಿಯುವುದರಿಂದ ತಳದಲ್ಲಿ ನಡೆದುಕೊಂಡು ಹೋಗಬಹುದು. ಚಾರಣಕ್ಕೆ ಬರುವವರು ಜಾಸ್ತಿ. ಜೆನ್ನಾ ಸಿಲಾನಾ ಎಂಬ ಘಾಟಿಯಿಂದ ಒಂದು ದಾರಿ ಇಳಿಯುತ್ತದೆ, ದೊರ್ಗಾಲಿ ಊರಿನ ಕಡೆಯಿಂದ ಇನ್ನೊಂದು. ಒಳಗೆ ಹೋಗಲು ಟಿಕೆಟ್ ಇದೆ.

ಅವರಲ್ಲಿ ಹೆಚ್ಚಿನವರು ಈ ಹೂವನ್ನು ನೋಡುವುದಿಲ್ಲ. ನೋಡದಿರುವುದೇ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಹೂವು

ಕೊಲಂಬೈನಿಗೆ ಕನ್ನಡದಲ್ಲಿ ಹೆಸರಿಲ್ಲ. ಇರಬೇಕಾದ ಅಗತ್ಯವೂ ಬೀಳಲಿಲ್ಲ. ಭಾರತದಲ್ಲಿ ಇದರ ಬಳಗ ಇರುವುದು ಹಿಮಾಲಯದಲ್ಲಿ ಮಾತ್ರ. ಕಾಶ್ಮೀರ, ಹಿಮಾಚಲದ ಎತ್ತರದ ಇಳಿಜಾರುಗಳಲ್ಲಿ ಕೆಲವು ಜಾತಿಗಳು ಸಿಗುತ್ತವೆ. ನಮ್ಮ ಘಟ್ಟದಲ್ಲಿ ಒಂದೂ ಇಲ್ಲ. ದೂರದ ನೆಂಟರು ಬೇಕೆಂದರೆ ಅಡುಗೆಮನೆಯಲ್ಲಿ ಹುಡುಕಿ: ಕಲೋಂಜಿಯ ಗಿಡ ಇದೇ ಕುಟುಂಬದ್ದು.

ಹೂವನ್ನು ಕಲ್ಪಿಸಿಕೊಳ್ಳಲು ಕರ್ಣಕುಂಡಲ ನೆನಪಿಸಿಕೊಂಡರೆ ಸುಲಭ. ಮಳೆಗಾಲದಲ್ಲಿ ಮಲೆನಾಡಿನ ದರೆಗಳ ಮೇಲೆ ಗುಂಪುಗುಂಪಾಗಿ ಅರಳುತ್ತದಲ್ಲ, ಅದೇ. ಆ ಹೂವಿನ ಹಿಂಭಾಗದಲ್ಲಿ ಬಾಲದಂತೆ ಒಂದು ಸಣ್ಣ ಕೊಳವೆ ಇರುತ್ತದೆ. ಮಕರಂದ ಅದರ ತುದಿಯಲ್ಲಿ. ಕೊಲಂಬೈನಿನಲ್ಲಿ ಅಂಥ ಕೊಳವೆ ಒಂದಲ್ಲ, ಐದು. ಒಂದೊಂದು ಎಸಳಿಗೆ ಒಂದೊಂದು. ಕೊಳವೆಗಳ ತುದಿ ಒಳಕ್ಕೆ ಬಾಗಿದಾಗ ಹದ್ದಿನ ಉಗುರಿನ ಹಾಗೆ ಕಾಣುತ್ತದೆ ಎಂದು ಯಾರೋ ಲ್ಯಾಟಿನಿನ ಹದ್ದಿನ ಹೆಸರು ತಂದು ಅಕ್ವಿಲೇಜಿಯಾ ಎಂದರು ಅಂತ ಹೇಳುವುದುಂಟು. ಅದೇ ಹೂವನ್ನು ಬೋರಲು ಹಿಡಿದು ನೋಡಿದವರಿಗೆ ಐದು ಪಾರಿವಾಳಗಳು ತಲೆ ಕೂಡಿಸಿ ಕೂತಂತೆ ಕಂಡಿತು. ಕೊಲಂಬೈನ್ ಎಂಬ ಹೆಸರಿನೊಳಗೆ ಇರುವುದು ಪಾರಿವಾಳ. ಹದ್ದೂ ಪಾರಿವಾಳವೂ ಒಂದೇ ಹೂವಿನಲ್ಲಿ! ನೋಡುವವರು ಹೂವನ್ನು ಯಾವ ಕಡೆಗೆ ತಿರುಗಿಸಿದರು ಅನ್ನುವುದರ ಮೇಲೆ ಹೋಯಿತು.

ಈ ಕೊಳವೆಯ ಉದ್ದ ಜಾತಿಯಿಂದ ಜಾತಿಗೆ ಬೇರೆ. ಉದ್ದ ನಾಲಿಗೆಯ ಜೇನುಹುಳ ಬರುವ ಕಡೆ ಒಂದು ಅಳತೆ, ಝೇಂಕರಿಸುವ ಪುಟ್ಟ ಹಮ್ಮಿಂಗ್‌ಬರ್ಡ್ ಬರುವ ಅಮೆರಿಕದಲ್ಲಿ ಇನ್ನೊಂದು, ರಾತ್ರಿ ಪತಂಗ ಬರುವ ಕಡೆ ತೀರಾ ಉದ್ದ. ಜೀವಕೋಶಗಳ ಸಂಖ್ಯೆ ಹೆಚ್ಚಿ ಕೊಳವೆ ಉದ್ದವಾಗುತ್ತದೆ ಎಂದೇ ಮೊದಲು ಭಾವಿಸಿದ್ದರು. ಹಾಗಲ್ಲ, ಇರುವ ಕೋಶಗಳೇ ಉದ್ದಕ್ಕೆ ಎಳೆದುಕೊಳ್ಳುತ್ತವೆ ಎಂದು 2012ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಹೊಸ ಕೋಶ ಕಟ್ಟುವುದಕ್ಕಿಂತ ಇದ್ದದ್ದನ್ನು ಎಳೆಯುವುದು ಸಣ್ಣ ಬದಲಾವಣೆ. ಹಾಗಾಗಿ ಈ ಬಳಗದಲ್ಲಿ ಹೊಸ ಹೊಸ ರೂಪಗಳು ಬೇಗ ಹುಟ್ಟಿಕೊಂಡವು. ಪ್ರಪಂಚದಲ್ಲಿ ಈಗ ಸುಮಾರು 70 ಜಾತಿ. ಬೇಗ ಬೇರೆಯಾದವು ಅಂದರೆ ಇನ್ನೂ ಪೂರ್ತಿ ಬೇರೆಯಾಗಿಲ್ಲ ಎಂದೂ ಅರ್ಥ. ಎರಡು ಜಾತಿ ಹತ್ತಿರ ಹತ್ತಿರ ನೆಟ್ಟರೆ ಸಲೀಸಾಗಿ ಬೆರಕೆ ಆಗುತ್ತವೆ. ಯುರೋಪಿನ ತೋಟಗಳಲ್ಲಿ ಬಣ್ಣಬಣ್ಣದ ಕೊಲಂಬೈನ್ ಇರುವುದೇ ಈ ಗುಣದಿಂದ. ತೋಟದವರಿಗೆ ವರವಾದ ಈ ಗುಣ ನಮ್ಮ ಪ್ರಕರಣದಲ್ಲಿ ತಲೆನೋವು.

ಹೆಸರಿಟ್ಟವರು

1970ರ ದಶಕದ ಕೊನೆಯಲ್ಲಿ ಪಿಯೆರ್ ವಿರ್ಜಿಲಿಯೊ ಅರ್ರಿಗೋನಿ ಮತ್ತು ಎನಿಯೊ ನಾರ್ದಿ ಎಂಬ ಇಬ್ಬರು ಸಸ್ಯಶಾಸ್ತ್ರಜ್ಞರು ಸಾರ್ಡಿನಿಯಾದ ಕೊಲಂಬೈನುಗಳನ್ನು ಮತ್ತೆ ಮೊದಲಿಂದ ನೋಡಿದರು. ಅಲ್ಲಿಯ ಹೂಗಳು ಯುರೋಪಿನ ಸಾಮಾನ್ಯ ಕೊಲಂಬೈನಿನ ಹಾಗೆ ಇಲ್ಲ ಎಂಬುದು ಅವರ ತೀರ್ಮಾನ. ಮೂರು ಹೆಸರು ಬಂದವು. ಮೊದಲನೆಯದು ಬಾರ್ಬರಿಚೀನಾ, ಬಾರ್ಬಾಜಿಯಾ ನಾಡಿನದು. ಎರಡನೆಯದು ನುಗೊರೆನ್ಸಿಸ್. ನುಓರೊ ಪಟ್ಟಣವನ್ನು ಸಾರ್ಡಿನಿಯಾದ ಭಾಷೆಯಲ್ಲಿ ನುಗೊರೊ ಎನ್ನುತ್ತಾರೆ, ಅದರಿಂದ. ಮೂರನೆಯದೇ ನುರಾಜಿಕಾ.

ಈ ಮೂರನೆಯ ಹೆಸರು ನನಗೆ ಇಷ್ಟ. ಸಾರ್ಡಿನಿಯಾದ ಉದ್ದಗಲಕ್ಕೆ ನುರಾಗೆ ಎಂಬ ಕಲ್ಲಿನ ಗೋಪುರಗಳಿವೆ. ಕಂಚಿನ ಯುಗದವು. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಇಟ್ಟು ಕಟ್ಟಿದ್ದು. ಇವತ್ತಿಗೂ ಸುಮಾರು 7000 ಗುರುತಿಸಬಹುದು. ಒಂದು ಗೋಪುರ ಸಮೂಹ, ಬರೂಮಿನಿಯದು, 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ದ್ವೀಪದ ತುಂಬ ಸಾವಿರಾರು ಇರುವ ವಸ್ತುವಿನ ಹೆಸರನ್ನು, ದ್ವೀಪದಲ್ಲಿ ಹದಿನೈದೇ ಇರುವ ಗಿಡಕ್ಕೆ ಇಟ್ಟಿದ್ದಾರೆ.

2012ರಲ್ಲಿ ಸಾರ್ಡಿನಿಯಾದಿಂದಲೇ ಇನ್ನೊಂದು ಕೊಲಂಬೈನ್ ವರದಿಯಾಯಿತು. ಹೆಸರು ಕ್ರೆಮ್ನೋಫಿಲಾ. ಗ್ರೀಕಿನಲ್ಲಿ ಕಡಿದಾದ ಬಂಡೆಯನ್ನು ಮೆಚ್ಚುವುದು ಅಂತ ಅರ್ಥ. ಬಾರ್ಬರಿಚೀನಾ ಮಾತ್ರ ಬಂಡೆಯ ಗಿಡವಲ್ಲ. ಅದಕ್ಕೆ ಬೆಟ್ಟದ ಹಳ್ಳಗಳ ಪಕ್ಕದ ತೇವ, ನೆರಳು ಬೇಕು. ಅದೂ 2005ರ ಪಟ್ಟಿಯಲ್ಲಿದೆ. ಅದರ ಸಂಖ್ಯೆಯೂ ಕಡಿಮೆಯೇ. ಹಳ್ಳದ ಪಕ್ಕ ಇರುವ ಗಿಡಕ್ಕೆ ಕುರಿ, ದನ, ಹಂದಿ ಎಲ್ಲದರ ಕಾಟ.

ಗೋಡೆ ಕೊಟ್ಟದ್ದು, ಗೋಡೆ ಕಿತ್ತುಕೊಂಡದ್ದು

ನುರಾಜಿಕಾಕ್ಕೆ ಆ ಕಾಟ ಕಡಿಮೆ. ಮೇಕೆಗೂ ಏರಲಾಗದ ಗೋಡೆಯಲ್ಲಿ ಅದು ಇದೆ. ಮೇಕೆಗೆ ಏರಲಾಗದ್ದು ಅಂದರೆ ಎಂಥ ಗೋಡೆ ಎಂದು ಮೇಕೆ ಸಾಕಿದವರಿಗೆ ಹೇಳಬೇಕಿಲ್ಲ! ಕಣಿವೆಯ ಗೋಡೆ ದಿನದ ಬಹುಪಾಲು ನೆರಳಲ್ಲಿರುತ್ತದೆ. ಕಲ್ಲಿನೊಳಗೆ ಇಳಿದ ನೀರು ಸೀಳುಗಳಲ್ಲಿ ತಂಪು ಉಳಿಸುತ್ತದೆ. ಹೊರಗೆ ಮೆಡಿಟರೇನಿಯನ್ ಬೇಸಿಗೆ ಉರಿಯುವಾಗ ಒಳಗೆ ಬೇರೆಯದೇ ಹವೆ. ತಂಪು ನಾಡಿನ ಬಳಗದ ಗಿಡವೊಂದು ಇಷ್ಟು ದಕ್ಷಿಣದಲ್ಲಿ ಉಳಿದಿರುವುದಕ್ಕೆ ಇಂಥ ಮೂಲೆಗಳೇ ಕಾರಣ.

ಆದರೆ ಅದೇ ಗೋಡೆ ಗಿಡವನ್ನು ಕಟ್ಟಿಹಾಕಿದೆ. ಕೊಲಂಬೈನಿನ ಬೀಜ ಸಣ್ಣದು, ಕಪ್ಪು, ನುಣುಪು. ಹೂ ಉದುರಿದ ಮೇಲೆ ಐದು ಪುಟ್ಟ ಕಾಯಿಗಳು ಮೇಲಕ್ಕೆ ಮುಖ ಮಾಡಿ ಒಣಗುತ್ತವೆ. ಬಾಯಿ ಬಿಡುತ್ತವೆ. ಗಾಳಿಗೆ ದಂಟು ಅಲುಗಿದಾಗ ಬೀಜ ಚೆಲ್ಲುತ್ತದೆ. ರೆಕ್ಕೆಯಿಲ್ಲ, ಹಕ್ಕಿಗೆ ಬೇಕಾದ ತಿರುಳಿಲ್ಲ, ಪ್ರಾಣಿಯ ಮೈಗೆ ಅಂಟುವ ಮುಳ್ಳಿಲ್ಲ. ನೆಲದ ಮೇಲಿನ ಗಿಡವಾದರೆ ಬೀಜ ಬುಡದ ಸುತ್ತ ಬೀಳುತ್ತದೆ, ಅಲ್ಲೇ ಮೊಳೆಯುತ್ತದೆ. ಗೋಡೆಯ ಗಿಡದ ಬೀಜ ಎಲ್ಲಿಗೆ ಬೀಳಬೇಕು? ನೇರ ಕೆಳಗೆ. ಅಲ್ಲಿ ಪ್ರವಾಹ ಬಂದು ಗುಡಿಸಿಕೊಂಡು ಹೋಗುವ ಬಂಡೆಗಳ ರಾಶಿ. ಬೀಳುವ ದಾರಿಯಲ್ಲಿ ಒಂದು ಬೀಜ ಹೇಗೋ ಸೀಳಿಗೆ ಸಿಕ್ಕಿಕೊಂಡರೆ, ಆ ಸೀಳಿನಲ್ಲಿ ಚಿಟಿಕೆ ಮಣ್ಣಿದ್ದರೆ, ಮಣ್ಣಿನಲ್ಲಿ ತೇವ ಇದ್ದರೆ ಮಾತ್ರ ಹೊಸ ಗಿಡ.

ಈ ಲೆಕ್ಕದಲ್ಲಿ ನೋಡಿದರೆ ಹದಿನೈದು ಗಿಡ ಅನ್ನುವುದು ಒಂದು ಕಾಲದಲ್ಲಿ ಸಾವಿರ ಇದ್ದು ಈಗ ಉಳಿದ ಅವಶೇಷವೇ ಆಗಿರಬೇಕಿಲ್ಲ. ಮೊದಲಿಂದಲೂ ಕಡಿಮೆ ಇದ್ದಿರಬಹುದು. ಅಪರೂಪ ಅಂದ ಕೂಡಲೇ 'ಮನುಷ್ಯ ನಾಶ ಮಾಡಿದ' ಎಂದು ಬರೆಯುವ ಅಭ್ಯಾಸ ನಮಗೆಲ್ಲ ಇದೆ. ಈ ಗಿಡದ ವಿಷಯದಲ್ಲಿ ಅಷ್ಟು ಅವಸರ ಬೇಡ.

ಹಾಗಾದರೆ ಗಾಬರಿ ಯಾಕೆ? ಸಂಖ್ಯೆ ಇಷ್ಟು ಕೆಳಗಿದ್ದಾಗ ದೊಡ್ಡ ಶತ್ರು ಬೇಕಿಲ್ಲ. ಒಂದು ಬಂಡೆಚೂರು ಸಡಿಲಾದರೆ ಸಾಕು. ಬೆಂಕಿ ಬಿದ್ದರೆ ಸಾಕು. ಸತತ ಎರಡು ಮೂರು ವರ್ಷ ಬರ ಬಂದು ಸೀಳು ಒಣಗಿದರೆ ಸಾಕು. ಅಪರೂಪದ ಹೂವು ತನ್ನ ತೋಟದಲ್ಲೂ ಇರಲಿ ಎಂದು ಹಗ್ಗ ಕಟ್ಟಿಕೊಂಡು ಇಳಿಯುವ ಹವ್ಯಾಸಿಯೊಬ್ಬ ಬಂದರೂ ಸಾಕು. ಮಾದರಿ ಬೇಕೆಂದು ಬೇರು ಸಮೇತ ಕೀಳುವ ವಿಜ್ಞಾನಿಯೂ ಈ ಪಟ್ಟಿಯಲ್ಲಿ ಬರುತ್ತಾನೆ. 50ಕ್ಕಿಂತ ಕಡಿಮೆ ಬೆಳೆದ ಗಿಡಗಳಿದ್ದರೆ, ಬೇರೆ ಯಾವ ಕಾರಣ ಕೇಳದೆ 'ತೀವ್ರ ಅಪಾಯದಲ್ಲಿದೆ' ಎಂಬ ವರ್ಗಕ್ಕೆ ಹಾಕಬಹುದು ಎಂದು ಐಯುಸಿಎನ್ ನಿಯಮ ಇರುವುದು ಇದಕ್ಕೇ.

ಕಣ್ಣಿಗೆ ಕಾಣದ ಇನ್ನೊಂದು ನಷ್ಟ ಇದೆ. ಚಿಕ್ಕ ಗುಂಪಿನಲ್ಲಿ ಪ್ರತಿ ತಲೆಮಾರಿಗೂ ವಂಶವಾಹಿಗಳ ವೈವಿಧ್ಯ ಸ್ವಲ್ಪ ಸ್ವಲ್ಪ ಸೋರಿಹೋಗುತ್ತದೆ. ಲೆಕ್ಕ ಸರಳ: ಬೀಜಕ್ಕೆ ಪಾಲು ಕೊಡುವ ಗಿಡಗಳ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಒಂದನ್ನು ಅದರಿಂದ ಭಾಗಿಸಿ. 10 ಗಿಡ ಎಂದಿಟ್ಟುಕೊಂಡರೆ ಇಪ್ಪತ್ತರಲ್ಲಿ ಒಂದು ಪಾಲು, ಅಂದರೆ ಶೇ. 5. ಹತ್ತು ತಲೆಮಾರು ಕಳೆಯುವ ಹೊತ್ತಿಗೆ ಶೇ. 40ರಷ್ಟು ಖಾಲಿ. ಮನೆಯಲ್ಲಿ ಒಂದೇ ತಳಿಯ ಬೀಜವನ್ನು ವರ್ಷ ವರ್ಷ ಎರಡೇ ಗಿಡದಿಂದ ತೆಗೆದಿಟ್ಟರೆ ಫಸಲು ಸೊರಗುತ್ತದೆ ಎಂದು ಹಳ್ಳಿಯ ಹೆಂಗಸರು ಹೇಳುವ ಮಾತೂ ಇದೇ. ಕೊಲಂಬೈನ್ ತನ್ನದೇ ಪರಾಗದಿಂದಲೂ ಬೀಜ ಕಟ್ಟಬಲ್ಲದು. ದುಂಬಿ ಬಾರದ ವರ್ಷ ಅದು ಅನುಕೂಲ. ಆದರೆ ಹಾಗೆ ಹುಟ್ಟಿದ ಸಸಿಗಳು ಬಡಕಲಾಗುವ ಸಾಧ್ಯತೆ ಹೆಚ್ಚು.

ಇದು ಜಾತಿಯೇ, ಬರೀ ಒಂದು ಗುಂಪೇ?

ಇಲ್ಲಿ ಒಂದು ಮುಜುಗರದ ಪ್ರಶ್ನೆ ಕೇಳಬೇಕು. ಹದಿನೈದು ಗಿಡಕ್ಕೆ ಪ್ರತ್ಯೇಕ ಜಾತಿಯ ಪಟ್ಟ ಕೊಡಬಹುದೇ?

ಸಾರ್ಡಿನಿಯಾದ ಕೊಲಂಬೈನುಗಳ ವಂಶವಾಹಿ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಸ್ಪೇನ್ ಮತ್ತು ಸಾರ್ಡಿನಿಯಾದ ಸಂಶೋಧಕರು ಸೇರಿ ಮಾಡಿದ್ದು. ದ್ವೀಪದ ಬೇರೆ ಬೇರೆ ಕಡೆಯ ಗುಂಪುಗಳನ್ನು ಹೋಲಿಸಿದಾಗ ಎದ್ದು ಕಂಡದ್ದು ಒಂದು ಗುಂಪಿಗೂ ಇನ್ನೊಂದು ಗುಂಪಿಗೂ ಇರುವ ದೂರ. ಒಂದು ಕಣಿವೆಯ ಗಿಡಕ್ಕೆ ಪಕ್ಕದ ಬೆಟ್ಟದ ಗಿಡದ ಜೊತೆ ಬಳಕೆ ಇಲ್ಲ. ಬೀಜ ಹೋಗುವುದಿಲ್ಲ, ಪರಾಗವೂ ಅಷ್ಟು ದೂರ ಹೋಗುವುದಿಲ್ಲ. ಒಂದೊಂದು ಗುಂಪೂ ತನ್ನ ಪಾಡಿಗೆ ತಾನು ಬದಲಾಗುತ್ತಿದೆ.

ಇದನ್ನು ಎರಡು ರೀತಿ ಓದಬಹುದು. ಒಬ್ಬರು ಹೇಳುತ್ತಾರೆ: ನೋಡಿ, ಇವು ಬೇರೆ ಬೇರೆಯೇ. ಇನ್ನೊಬ್ಬರು ಹೇಳುತ್ತಾರೆ: ಹಾಗಾದರೆ ಒಂದೊಂದು ಹಳ್ಳಕ್ಕೂ ಒಂದೊಂದು ಜಾತಿಯ ಹೆಸರು ಇಡುತ್ತೀರಾ? ಹೆಸರು ಕೊಡುವ ಕೆಲಸದಲ್ಲಿ ಈ ಜಗಳ ಮುಗಿಯುವಂಥದ್ದಲ್ಲ. ನಮ್ಮ ಘಟ್ಟದ ಕರ್ಣಕುಂಡಲದ ಬಳಗದಲ್ಲೂ ಒಂದೊಂದು ಬೆಟ್ಟಕ್ಕೆ ಸೀಮಿತವಾದ ಜಾತಿಗಳು ಹಲವು.

ನನ್ನ ಅಭಿಪ್ರಾಯ ಕೇಳಿದರೆ, ಸಂರಕ್ಷಣೆ ಮಾಡುವವರು ಈ ಜಗಳ ತೀರಲಿ ಎಂದು ಕಾಯಬಾರದು. ಜಾತಿ ಎನ್ನಿ, ಉಪಜಾತಿ ಎನ್ನಿ, ಆ ಗೋಡೆಯ ಗುಂಪು ಬೇರೆ ಯಾರ ಜೊತೆಗೂ ಬೆರೆಯದೆ ಬಹಳ ಕಾಲ ಬದುಕಿದೆ. ಹೋದರೆ ಪಕ್ಕದ ಕಣಿವೆಯಿಂದ ತಂದು ನೆಟ್ಟು ತುಂಬಿಸಲು ಆಗುವುದಿಲ್ಲ. ಆದರೆ ಹೆಸರಿನ ಬಗ್ಗೆ ಅನುಮಾನ ಇದ್ದರೆ ಸರ್ಕಾರದ ಕಡತದಲ್ಲಿ ಗಿಡ ಹಿಂದೆ ಬೀಳುತ್ತದೆ, ಅದು ನಿಜ.

ಕಾಗದದ ಮೇಲಿನ ಉದ್ಯಾನ

ಕಡತದ ಮಾತು ಬಂತಲ್ಲ. ಈ ಪ್ರಕರಣದ ಅರ್ಧ ಕಥೆ ಅಲ್ಲೇ ಇದೆ.

ಯುರೋಪಿನಲ್ಲಿ 1992ರಿಂದ ಆವಾಸಗಳ ರಕ್ಷಣೆಗೆ ಒಂದು ಕಾನೂನು ಇದೆ. ಅದರ ಅನುಬಂಧಗಳಲ್ಲಿ ಕಾಪಾಡಬೇಕಾದ ಜಾತಿಗಳ ಹೆಸರುಗಳಿವೆ. ಆಲ್ಪ್ಸ್ ಬೆಟ್ಟಗಳ ಕೊಲಂಬೈನ್ ಅದರಲ್ಲಿದೆ. ಹದಿನೈದೇ ಗಿಡ ಇರುವ ನುರಾಜಿಕಾ ಇಲ್ಲ. 2005ರ ಪಟ್ಟಿ ಬರುವ ಹೊತ್ತಿಗೂ ಈ ಗಿಡದ ಹೆಸರು ಹಿಡಿದು ಕಾಯುವ ಕಾನೂನು ಯಾವ ಮಟ್ಟದಲ್ಲೂ ಇರಲಿಲ್ಲ. ತಮಾಷೆ ಏನೆಂದರೆ, ಅದೇ ಕಾನೂನಿನಲ್ಲಿ 'ಸೀಳುಗಳಲ್ಲಿ ಗಿಡ ಬೆಳೆಯುವ ಸುಣ್ಣಕಲ್ಲಿನ ಇಳಿಜಾರು' ಒಂದು ಆವಾಸವಾಗಿ ಸೇರಿದೆ. ಸುಪ್ರಮೊಂತೆಯ ದೊಡ್ಡ ಭಾಗ ನ್ಯಾಚುರಾ 2000 ಎಂಬ ಯುರೋಪಿನ ಸಂರಕ್ಷಿತ ಪ್ರದೇಶಗಳ ಜಾಲದಲ್ಲೂ ಇದೆ. ಅಂದರೆ ಗೋಡೆಗೆ ರಕ್ಷಣೆ ಇದೆ, ಗೋಡೆಯಲ್ಲಿರುವ ಗಿಡಕ್ಕೆ ಹೆಸರು ಹೇಳಿ ಕೊಟ್ಟ ರಕ್ಷಣೆ ಇಲ್ಲ.

ಇದಕ್ಕಿಂತ ದೊಡ್ಡದು ರಾಷ್ಟ್ರೀಯ ಉದ್ಯಾನದ ಕಥೆ. ಒರೊಸೇಯಿ ಕೊಲ್ಲಿ ಮತ್ತು ಜೆನ್ನಾರ್ಜೆಂತು ಬೆಟ್ಟಗಳನ್ನು ಸೇರಿಸಿ 70 ಸಾವಿರ ಹೆಕ್ಟೇರಿಗೂ ಹೆಚ್ಚಿನ ರಾಷ್ಟ್ರೀಯ ಉದ್ಯಾನ ಎಂದು 1998ರ ಮಾರ್ಚ್‌ನಲ್ಲಿ ರಾಷ್ಟ್ರಪತಿಗಳ ಆದೇಶ ಹೊರಟಿತು. ಗೊರ್ರೊಪು ಕಣಿವೆ ಅದರೊಳಗೆ ಬರುತ್ತಿತ್ತು. ಆದೇಶ ಹೊರಟಿತು, ಉದ್ಯಾನ ಬರಲಿಲ್ಲ. ಊರಿನವರು ಒಪ್ಪಲಿಲ್ಲ. ಕುರಿ ಮೇಯಿಸುವುದಕ್ಕೆ, ಸೌದೆ ತರುವುದಕ್ಕೆ, ಬೇಟೆಗೆ ದೂರದ ರೋಮಿನಿಂದ ಅಪ್ಪಣೆ ಕೇಳಬೇಕಾಗುತ್ತದೆ ಎಂಬುದು ಅವರ ತಕರಾರು. ಕೆಲವು ವರ್ಷಗಳ ನಂತರ ಸಂಸತ್ತು, ಸ್ಥಳೀಯರ ಒಪ್ಪಿಗೆ ಇಲ್ಲದೆ ಇದನ್ನು ಜಾರಿ ಮಾಡುವಂತಿಲ್ಲ ಎಂಬಂತೆ ತಿದ್ದುಪಡಿ ತಂದಿತು. ಹೆಸರು ನಕ್ಷೆಯಲ್ಲಿ ಉಳಿಯಿತು.

ಕುರಿಗಾಹಿಗಳು ಮೊಂಡರು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಈ ಕಣಿವೆಯ ಒಂದು ಕಡೆ ಇರುವ ಊರು ಒರ್ಗೊಸೊಲೊ. 1969ರಲ್ಲಿ ಆ ಊರಿನ ಪ್ರಾತೊಬೆಲ್ಲೊ ಎಂಬ ಗೋಮಾಳದಲ್ಲಿ ಸೈನ್ಯ ಗುಂಡು ಹಾರಿಸುವ ಅಭ್ಯಾಸಕ್ಕೆ ಜಾಗ ಬೇಕೆಂದಿತು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಹೋಗಿ ಹುಲ್ಲುಗಾವಲಿನಲ್ಲಿ ಕೂತರು. ಸೈನ್ಯ ಹಿಂದೆ ಸರಿಯಿತು. ಆ ನೆನಪು ಊರಿನ ಗೋಡೆಚಿತ್ರಗಳಲ್ಲಿ ಇಂದಿಗೂ ಇದೆ. ಅಂಥ ಊರಿಗೆ ಮೂವತ್ತು ವರ್ಷದ ಬಳಿಕ ರಾಜಧಾನಿಯಿಂದ ಇನ್ನೊಂದು ನಕ್ಷೆ ಬಂದರೆ 'ಇದು ಹೂವಿಗಾಗಿ' ಎಂದರೂ ಯಾರು ನಂಬುತ್ತಾರೆ? ಕಸ್ತೂರಿರಂಗನ್ ವರದಿಯ ಹೆಸರೆತ್ತಿದರೆ ನಮ್ಮ ಮಲೆನಾಡಿನ ಸಭೆಗಳಲ್ಲಿ ಏನಾಗುತ್ತದೆ ಎಂದು ನೋಡಿದವರಿಗೆ ಇದು ಹೊಸ ವಿಷಯವೇನಲ್ಲ, ಅಲ್ವಾ?

ನನಗೆ ಕಾಣುವ ತಪ್ಪು ಅಳತೆಯದು. 50 ಚದರ ಮೀಟರಿನಲ್ಲಿ ಇರುವ ಗಿಡ 70 ಸಾವಿರ ಹೆಕ್ಟೇರಿನ ಜಗಳದಲ್ಲಿ ಸಿಕ್ಕಿಕೊಂಡಿತು. ಉದ್ಯಾನಕ್ಕೆ ಬೇರೆ ನೂರು ಕಾರಣಗಳಿರಬಹುದು, ಇರಲಿ. ಈ ಗೋಡೆಯ ಮಟ್ಟಿಗೆ ಕುರಿಗಾಹಿಗೂ ಹೂವಿಗೂ ಯಾವ ತಕರಾರೂ ಇಲ್ಲ. ಆ ಬಂಡೆಯ ಮೇಲೆ ಯಾರೂ ಏನನ್ನೂ ಮೇಯಿಸುವುದಿಲ್ಲ. ಕಣಿವೆಯ ದಾರಿ ತೋರಿಸಿ ಬದುಕುವ ಸ್ಥಳೀಯರನ್ನೇ ಕಾವಲಿಗೆ ನಿಲ್ಲಿಸಲು ಇಡೀ ಉದ್ಯಾನ ಬೇಕಾಗಿಯೂ ಇಲ್ಲ.

ಬೀಜ

ಕಾನೂನು ಕೈಕೊಟ್ಟ ಕಡೆ ಬೀಜದ ಬ್ಯಾಂಕು ಕೆಲಸ ಮಾಡಬಹುದು. ದ್ವೀಪದ ರಾಜಧಾನಿ ಕಾಲ್ಯಾರಿಯ ವಿಶ್ವವಿದ್ಯಾಲಯದಲ್ಲಿ ಸಾರ್ಡಿನಿಯಾದ ಬೀಜ ಸಂಗ್ರಹ ಇದೆ. ಅಪರೂಪದ ಸ್ಥಳೀಯ ಗಿಡಗಳ ಬೀಜವನ್ನು ಒಣಗಿಸಿ, ತೀರಾ ತಣ್ಣಗಿನ ಪೆಟ್ಟಿಗೆಗಳಲ್ಲಿ ಇಡುತ್ತಾರೆ. ಇಂಥ ಕಡೆ ಸಾಮಾನ್ಯವಾಗಿ ಮೈನಸ್ 20 ಡಿಗ್ರಿ ಆಸುಪಾಸು ಇರುತ್ತದೆ. ಅಲ್ಲಿಯ ಸಂಶೋಧಕರು ದ್ವೀಪದ ಕೊಲಂಬೈನುಗಳ ಬೀಜದ ಸ್ವಭಾವವನ್ನೂ ಕೂತು ನೋಡಿದ್ದಾರೆ.

ಬೀಜ ಸ್ವಲ್ಪ ಹಟದ್ದು. ಗಿಡದಿಂದ ಉದುರುವಾಗ ಒಳಗಿನ ಭ್ರೂಣ ಇನ್ನೂ ಬೆಳೆದಿರುವುದಿಲ್ಲ. ಬೀಜ ಮಣ್ಣಿಗೆ ಬಿದ್ದ ಮೇಲೆ ಅದರೊಳಗೇ ಭ್ರೂಣ ಬೆಳೆಯಬೇಕು. ಅದಕ್ಕೆ ಸರಿಯಾದ ಕ್ರಮದಲ್ಲಿ ಬಿಸಿ, ಚಳಿ ಸಿಗಬೇಕು. ರಾಗಿಯ ಹಾಗೆ ರಾತ್ರಿ ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ ಬರುವುದಿಲ್ಲ. ಚಳಿಗಾಲ ಬೆಚ್ಚಗಾದರೆ ಈ ಕ್ರಮವೇ ತಪ್ಪುತ್ತದೆ. ಹವಾಮಾನ ಬದಲಾವಣೆಯ ಹೊಡೆತ ಇಂಥ ಗಿಡಕ್ಕೆ ಬೀಳುವುದು ಇಲ್ಲಿ, ಸೀಳಿನೊಳಗಿನ ಎರಡು ಮಿಲಿಮೀಟರ್ ಬೀಜದಲ್ಲಿ.

ಬೀಜ ತರುವುದಕ್ಕೂ ಮಿತಿ ಇದೆ. ಯುರೋಪಿನ ಬೀಜ ಸಂಗ್ರಹಗಾರರ ಕೈಪಿಡಿ, ಒಂದು ಕಡೆ ಬಲಿತಿರುವ ಬೀಜದಲ್ಲಿ ಶೇ. 20ಕ್ಕಿಂತ ಹೆಚ್ಚು ತೆಗೆಯಬಾರದು ಎನ್ನುತ್ತದೆ. ದೊಡ್ಡ ಗುಂಪಿಗೆ ಇದು ಸಾಕಷ್ಟು ಉದಾರ. ಇಲ್ಲಿ ಹತ್ತು ಗಿಡ, ಕೆಲವದರಲ್ಲಿ ಆ ವರ್ಷ ಹೂವೇ ಇಲ್ಲ, ಕೆಲವಕ್ಕೆ ಕೈ ಎಟಕುವುದಿಲ್ಲ. ಉಳಿದದ್ದರಲ್ಲಿ ಐದನೇ ಒಂದು ಪಾಲು. ಒಂದೇ ವರ್ಷ ಹೋಗಿ ಚೀಲ ತುಂಬಿಕೊಂಡು ಬರುವ ಕೆಲಸ ಅಲ್ಲ. ವರ್ಷ ಬಿಟ್ಟು ವರ್ಷ, ಬೇರೆ ಬೇರೆ ಗಿಡದಿಂದ, ಯಾವ ಬೀಜ ಯಾವ ತಾಯಿಯದು ಎಂದು ಪ್ರತ್ಯೇಕ ಬರೆದಿಟ್ಟು ತರಬೇಕು. ಎಲ್ಲವನ್ನೂ ಒಂದೇ ಪೊಟ್ಟಣಕ್ಕೆ ಹಾಕಿದರೆ ಒಂದೇ ತಾಯಿಯ ಮಕ್ಕಳು ತುಂಬಿಕೊಂಡಿದ್ದರೂ ಗೊತ್ತಾಗುವುದಿಲ್ಲ.

ಬೀಜದಿಂದ ಸಸಿ ಎಬ್ಬಿಸಿದ ಮೇಲೆ? ಆಗ ಬೆರಕೆಯ ಭಯ. ಬೊಟಾನಿಕಲ್ ಗಾರ್ಡನ್ನಿನಲ್ಲಿ ಪಕ್ಕದ ಪಾತಿಯಲ್ಲಿ ಸಾಮಾನ್ಯ ಕೊಲಂಬೈನ್ ಹೂ ಬಿಟ್ಟಿದ್ದರೆ ಮುಗಿಯಿತು. ದುಂಬಿಗೆ ಜಾತಿ ಗೊತ್ತಿಲ್ಲ. ಮುಂದಿನ ತಲೆಮಾರಿನ ಸಸಿ ನೋಡಲು ನುರಾಜಿಕಾದ ಹಾಗೆಯೇ ಇದ್ದು, ಒಳಗೆ ತೋಟದ ಹೂವು ಸೇರಿರುತ್ತದೆ. ಅದನ್ನು ತಂದು ಕಣಿವೆಯಲ್ಲಿ ನೆಟ್ಟರೆ ಉಳಿಸಲು ಹೋದವರೇ ಕೆಡಿಸಿದ ಹಾಗೆ. ಬಲೆ ಕಟ್ಟಿ, ಕೈಯಿಂದಲೇ ಪರಾಗ ಮುಟ್ಟಿಸಿ ಬೆಳೆಸಿದ ಸಸಿಯಾದರೆ ಮಾತ್ರ ಈ ಮಾತು ಮುಂದುವರಿಸಬಹುದು.

ನೆಡುವುದೆಂದರೆ ಎಲ್ಲಿ? ಕಾಲ್ಯಾರಿಯವರಿಗೆ ಈ ಅನುಭವ ಇಲ್ಲದಿಲ್ಲ. ದ್ವೀಪದ ನೈಋತ್ಯ ಕರಾವಳಿಯ ಮರಳುದಿಬ್ಬದಲ್ಲಿ ಮಾತ್ರ ಇರುವ ದಿಯಾಂತುಸ್ ಮೊರಿಸಿಯಾನುಸ್ ಎಂಬ ಹೂವಿನ ಸಸಿಗಳನ್ನು ಅವರು ಬೆಳೆಸಿ ಮತ್ತೆ ನೆಟ್ಟಿದ್ದಾರೆ. ನಮ್ಮಲ್ಲೂ ಹೋಲುವ ಉದಾಹರಣೆ ಇದೆ. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ಕಾಡಿನೊಳಗಿನ ಜೌಗು ನೆಲದಲ್ಲಿ ಸಿಕ್ಕ, ಗೇರಿನ ಕುಟುಂಬದ ಒಂದು ಮರಕ್ಕೆ 2000ದಲ್ಲಿ ಆ ಊರಿನದೇ ಹೆಸರಿಟ್ಟರು. ಬಹಳ ಕಡಿಮೆ ಮರಗಳು. ಅದರ ಸಸಿ ಎಬ್ಬಿಸಿ ಜಡ್ಡಿಗಳಲ್ಲಿ ನೆಡುವ ಪ್ರಯತ್ನ ಶಿರಸಿ ಕಡೆ ನಡೆದಿದೆ. ಜಡ್ಡಿಯಲ್ಲಿ ಕಾಲಿಟ್ಟು ಗುಂಡಿ ತೋಡಬಹುದು, ಮರಳುದಿಬ್ಬಕ್ಕೆ ಬೇಲಿ ಹಾಕಬಹುದು. ನೆಟ್ಟಗಿನ ಗೋಡೆಯಲ್ಲಿ ಗುಂಡಿ ತೋಡುವುದು ಹೇಗೆ? ಹಗ್ಗದಲ್ಲಿ ಇಳಿದು ಸೀಳಿಗೆ ಬೀಜ ತುರುಕುವುದೇ ಉಳಿದ ದಾರಿ. ಅದೂ ಅದೇ ಗೋಡೆಯಲ್ಲಿ ಬೇಡ. ಇರುವ ಗಿಡದ ಮೇಲೆ ಹಗ್ಗ ಉಜ್ಜಿದರೆ ಗತಿ? ಸುಪ್ರಮೊಂತೆಯಲ್ಲೇ ಬೇರೆ ನೆರಳಿನ ಗೋಡೆ ಹುಡುಕಬೇಕು. ಅಲ್ಲಿ ಬೇರೆ ಕೊಲಂಬೈನ್ ಇರಬಾರದು.

ಇನ್ನು ಪ್ರಚಾರದ ಮಾತು. ಹೂವಿನ ಫೋಟೊ ಹಾಕಿ, ದಾರಿಯಲ್ಲಿ ಫಲಕ ನಿಲ್ಲಿಸಿ, ಜನರಲ್ಲಿ ಪ್ರೀತಿ ಮೂಡಿಸಿ ಎನ್ನುವವರಿದ್ದಾರೆ. ಬೇರೆ ಗಿಡಕ್ಕೆ ಸರಿ. ಈ ಗಿಡಕ್ಕೆ ನಾನು ಒಪ್ಪುವುದಿಲ್ಲ. ಕಣಿವೆಯ ಹೆಸರು ಹೇಳಿದರೆ ಸಾಕು, ಯಾವ ತಿರುವು, ಯಾವ ಗೋಡೆ ಎಂಬುದು ಕಾಯುವವರಿಗಷ್ಟೇ ಗೊತ್ತಿರಲಿ. ಈಗಿನ ಫೋನುಗಳು ಚಿತ್ರದ ಜೊತೆ ಜಾಗವನ್ನೂ ದಾಖಲಿಸುತ್ತವೆ. ಒಳ್ಳೆಯ ಮನಸ್ಸಿನಿಂದ ಹಾಕಿದ ಒಂದು ಚಿತ್ರ ಕಳ್ಳನಿಗೆ ವಿಳಾಸ ಕೊಟ್ಟ ಹಾಗೆ.

ಉಳಿದದ್ದು ಎಣಿಸುವ ಕೆಲಸ. 'ಹತ್ತರಿಂದ ಹದಿನೈದು' ಎಂಬ ಲೆಕ್ಕವೇ ಸಡಿಲ. ಹದಿನೈದು ಇದ್ದದ್ದು ಹತ್ತಾದರೆ ಮೂರನೇ ಒಂದು ಪಾಲು ಹೋಯಿತು, ಆದರೂ ಅದೇ ವಾಕ್ಯ ಬರೆದುಕೊಂಡು ಕೂರಬಹುದು. ಕೊಲಂಬೈನಿನ ಬುಡ ಕವಲೊಡೆಯುತ್ತದೆ. ದೂರದಿಂದ ನೋಡಿದರೆ ಎರಡು ಗಿಡವೋ, ಒಂದೇ ಗಿಡದ ಎರಡು ಬುಡವೋ ಹೇಳುವುದು ಕಷ್ಟ. ಎದುರು ದಡದಿಂದ ದುರ್ಬೀನು ಹಿಡಿದು, ಗೋಡೆಯ ಚಿತ್ರದ ಮೇಲೆ ಒಂದೊಂದು ಗಿಡಕ್ಕೂ ಒಂದೊಂದು ನಂಬರು ಹಾಕಿ, ಪ್ರತಿ ವರ್ಷ ಹೂವಿನ ಹೊತ್ತಿಗೆ ಒಮ್ಮೆ, ಕಾಯಿ ಬಲಿಯುವ ಹೊತ್ತಿಗೆ ಇನ್ನೊಮ್ಮೆ ನೋಡಿ ಬರೆಯಬೇಕು. ಮುಟ್ಟುವ ಅಗತ್ಯವೇ ಇಲ್ಲ. ಖರ್ಚೂ ಹೆಚ್ಚಿಲ್ಲ. ನಂಬರಿಲ್ಲದ ಒಂದು ಎಳೆ ಗಿಡ ಹೊಸದಾಗಿ ಯಾವುದಾದರೂ ಸೀಳಿನಲ್ಲಿ ಕಂಡರೆ ಇಡೀ ಪ್ರಪಂಚದ ನುರಾಜಿಕಾ ಆ ವರ್ಷ ಶೇ. 7ರಿಂದ 10ರಷ್ಟು ಹೆಚ್ಚಿತು ಎಂದು ಆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬಹುದು.